ಅವರನ್ನೇ ಕೇಳಿ: ಗಂಟಲು ಕ್ಯಾನ್ಸರ್ ಕೊನೆ ಹಂತದಲ್ಲಿರುವ ರೋಗಿಗಳ ಮನೆಯವರ ಜೊತೆ ಒಂದು ಮಾತುಕತೆ

(ಮನೆಮನೆಗೆ ಹೋಗಿ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಒಬ್ಬರು ಕಲಬುರಗಿಯಲ್ಲಿ ರೋಗಿಗಳ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಈ ಕಾಯಿಲೆ ಹೇಗೆ ಬರುತ್ತದೆ, ತಂಬಾಕು ಯಾಕೆ ಬಿಡಬೇಕು ಅಂತ ಹೇಳಲು ನಾನು ಬಂದಿಲ್ಲ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ತಂಬಾಕಿನ ಪ್ಯಾಕೆಟ್ ಮೇಲೂ ಬರೆದಿರುತ್ತದೆ. ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಆ ಹಂತ ದಾಟಿ ಹೋಗಿದೆ. ಡಾಕ್ಟರು ನಿಮ್ಮನ್ನು ಪಕ್ಕಕ್ಕೆ ಕರೆದು, ಇನ್ನು ವಾಸಿಯಾಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ ಅಂದಿದ್ದಾರೆ. ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ಏನು ಅಂತ ಮಾತ್ರ ಯಾರೂ ಹೇಳಿಲ್ಲ. ನಾನು ಅಷ್ಟನ್ನೇ ಹೇಳುತ್ತೇನೆ.

ಗಂಟಲು ನಮ್ಮ ಜಗತ್ ಸರ್ಕಲ್ ಇದ್ದ ಹಾಗೆ. ಊಟ, ಉಸಿರು, ಮಾತು, ಎಂಜಲು ಎಲ್ಲ ಅಲ್ಲೇ ಹಾದು ಹೋಗಬೇಕು. ಅಲ್ಲೊಂದು ಲಾರಿ ಕೆಟ್ಟು ನಿಂತರೆ ಸುತ್ತಲಿನ ರಸ್ತೆಗಳೆಲ್ಲ ಬಂದ್. ಹೊಟ್ಟೆಯ ಕ್ಯಾನ್ಸರ್ ಇದ್ದವರು ಕೊನೆಯವರೆಗೂ ಮಾತಾಡುತ್ತಾರೆ, ಬೈಯುತ್ತಾರೆ, ನನಗೆ ಇದು ಬೇಡ ಅನ್ನುತ್ತಾರೆ. ಗಂಟಲಿನವರಿಗೆ ದನಿ ಒಡೆಯುತ್ತದೆ, ನುಂಗಲು ಆಗುವುದಿಲ್ಲ, ಉಸಿರು ಕಟ್ಟಿದರೆ ಕುತ್ತಿಗೆಯಲ್ಲಿ ತೂತು ಮಾಡಿ ನಳಿಗೆ ಹಾಕುತ್ತಾರೆ. ಎಲ್ಲರಿಗೂ ಇದೇ ಸಾಲಿನಲ್ಲಿ ಆಗುತ್ತದೆ ಅಂತೇನಿಲ್ಲ. ಆದರೆ ಆ ನಳಿಗೆ ಹಾಕಿದ ಮೇಲೆ ಹೆಚ್ಚಿನವರ ಮಾತು ನಿಲ್ಲುತ್ತದೆ. ಅದರ ಜೊತೆ ಮನೆಯವರು ಅವರನ್ನು ಕೇಳುವುದೂ ನಿಲ್ಲಿಸುತ್ತಾರೆ. ನಾನು ನೋಡಿದ ಮನೆಗಳಲ್ಲಿ ರೋಗಿಯನ್ನು ಜಾಸ್ತಿ ಕುಗ್ಗಿಸಿದ್ದು ನೋವಲ್ಲ, ಇದು.

ಆಳಂದ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಕಾಕಾ ಇದ್ದರು. ತೊಗರಿ ಬೇಳೆ ಮಿಲ್ಲಿನಲ್ಲಿ ಹಮಾಲಿ ಮಾಡಿದ ಮನುಷ್ಯ, ಮನೆಯಲ್ಲಿ ಅವರು ಹೇಳಿದ್ದೇ ನಡೆಯುತ್ತಿತ್ತು. ಕುತ್ತಿಗೆಗೆ ನಳಿಗೆ ಹಾಕಿ ಬಂದ ಮೇಲೆ ನಾನು ಹೋದಾಗ ಅವರು ಮಂಚದ ಮೇಲೆ ಕೂತಿದ್ದಾರೆ, ಎದುರಿಗೆ ನಾಲ್ಕು ಜನ ಬೀಗರು. ಎಲ್ಲರೂ ಅವರ ಹೆಂಡತಿಯನ್ನು ಕೇಳುತ್ತಿದ್ದಾರೆ: "ಊಟ ಮಾಡ್ಯಾನೇನು? ರಾತ್ರಿ ನಿದ್ದಿ ಮಾಡ್ತಾನೇನು? ಹೊಲ ಲಾವಣಿಗಿ ಕೊಡೋದೇನಾರ ಮಾಡೀರಿ?" ಕಾಕಾ ಒಬ್ಬೊಬ್ಬರ ಮುಖ ನೋಡುತ್ತಾ ಕೂತಿದ್ದಾರೆ. ನಡುವೆ ಒಬ್ಬರು ಅವರ ಕಡೆ ತಿರುಗಿ ಜೋರಾಗಿ ಕಿರುಚಿದರು, "ಕಾಕಾ, ಹ್ಯಾಂಗಿದ್ದೀ?" ಅಂತ. ಅಯ್ಯೋ, ಹೋಗಿರುವುದು ದನಿ, ಕಿವಿ ಅಲ್ಲ! ನೀವು ನಗುತ್ತಿದ್ದೀರಿ, ಆದರೆ ಮಾತು ನಿಂತವರ ಮುಂದೆ ನಾವೆಲ್ಲ ಹೀಗೆ ಕಿರುಚುತ್ತೇವೆ, ಬೇಕಾದರೆ ಮನೆಗೆ ಹೋಗಿ ಗಮನಿಸಿ.

ಪಾಟಿ ಬಳಪ ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ಓದು ಬರಹ ಬರುವವರಿಗೆ ಅದು ಸಾಕು, ಮೊಬೈಲಿನಲ್ಲಿ ಬರೆದು ತೋರಿಸುವವರೂ ಇದ್ದಾರೆ. ಕಾಕಾನಿಗೆ ಅಕ್ಷರ ಬರುತ್ತಿರಲಿಲ್ಲ, ನಮ್ಮ ಕಡೆ ಆ ವಯಸ್ಸಿನ ಎಷ್ಟೋ ಜನರಿಗೆ ಬರುವುದಿಲ್ಲ. ಅವರ ಕೈಗೆ ಒಂದು ಸ್ಟೀಲ್ ಲೋಟ, ಒಂದು ಚಮಚ ಕೊಟ್ಟೆವು. ಒಂದು ಸಲ ಬಡಿದರೆ ಹೌದು. ಎರಡು ಸಲ ಅಂದರೆ ಬೇಡ. ಸುಮ್ನೆ ಬಡಿಯುತ್ತಲೇ ಇದ್ದರೆ ಬೇಗ ಬಾ ಅಂತ. ಅವರ ಮೊಮ್ಮಗಳು, ನಾಲ್ಕನೇ ಕ್ಲಾಸಿನ ಹುಡುಗಿ, ರಟ್ಟಿನ ಮೇಲೆ ಚಿತ್ರ ಬರೆದಳು: ನೀರಿನ ತಂಬಿಗೆ, ಫ್ಯಾನ್, ಗುಳಿಗೆ, ಸಂಡಾಸ್, ಎಮ್ಮೆ. ಎಮ್ಮೆ ಯಾಕವ್ವ ಅಂತ ಕೇಳಿದೆ. "ಮುತ್ಯಾ ದಿನಾ ಅದರದೇ ಕೇಳ್ತಾನ್ರಿ" ಅಂದಳು. ಖರೇನೇ, ಆ ಮನುಷ್ಯ ದಿನಕ್ಕೆ ಹತ್ತು ಸಲ ಎಮ್ಮೆ ಮೇಲೆ ಬೆರಳಿಡುತ್ತಿದ್ದರು. ಮೇವು ಹಾಕಿದ್ರಾ, ನೀರು ಕುಡಿಸಿದ್ರಾ, ಕರು ಎಲ್ಲಿ.

ಕೇಳುವ ರೀತಿಯೂ ಕಲಿಯಬೇಕು. "ಗಂಜಿ ಕುಡೀತೀಯೋ, ಮಜ್ಜಿಗಿ ಕುಡೀತೀಯೋ, ಆಮ್ಯಾಲೆ ಮಲಗ್ತೀಯೋ" ಅಂತ ಒಂದೇ ಉಸಿರಿಗೆ ಕೇಳಿದರೆ ತಲೆ ಆಡಿಸುವವರು ಯಾವುದಕ್ಕೆ ಆಡಿಸಬೇಕು? ಒಂದು ಪ್ರಶ್ನೆ ಕೇಳಿ, ಕಾಯಿರಿ. ಉತ್ತರ ಬರುವವರೆಗೆ ಕಾಯುವುದು ಬಹಳ ಕಷ್ಟ, ಮೂರನೇ ಸೆಕೆಂಡಿಗೆ ನಾವೇ ಉತ್ತರ ಹೇಳಿಬಿಡುತ್ತೇವೆ. ನಳಿಗೆ ಇದ್ದವರಲ್ಲಿ ಕೆಲವರಿಗೆ ಅದರ ಬಾಯಿಗೆ ಬೆರಳಿಟ್ಟರೆ ನಾಲ್ಕು ಮಾತು ಬರುತ್ತದೆ, ಆದರೆ ಎಲ್ಲರಿಗೂ ಅಲ್ಲ. ಡಾಕ್ಟರನ್ನು ಕೇಳದೆ ನೀವೇ ಮುಚ್ಚಿ ನೋಡಬೇಡಿ.

ಇನ್ನು ಎಲ್ಲ ಮನೆಯಲ್ಲೂ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ ಹೇಳುವ ಮಾತೊಂದಿದೆ. "ಅವರಿಗಿ ಏನೂ ಹೇಳಬ್ಯಾಡ್ರಿ ಸಿಸ್ಟರ್, ಎದಿ ಒಡಕೊಂಡು ಸಾಯ್ತಾರ." ದಖನಿ ಉರ್ದು ಮಾತಾಡುವ ಮನೆಯಲ್ಲಿ "ಅಬ್ಬಾ ಕು ನಕ್ಕೋ ಬೋಲೋ", ಅಪ್ಪನಿಗೆ ಹೇಳಬೇಡಿ ಅಂತ. ಭಾಷೆ ಯಾವುದಾದರೇನು, ಭಯ ಅದೇ. ಚಿತ್ತಾಪುರ ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ಮಗಳು ಹೀಗೆ ಹೇಳಿ ನನ್ನನ್ನು ಒಳಗೆ ಬಿಟ್ಟಳು. ಅವಳು ಚಹಾ ಮಾಡಲು ಹೋದಾಗ ಮೇಷ್ಟ್ರು ಪಾಟಿ ಎತ್ತಿಕೊಂಡು ಬರೆದರು, ದುಂಡಗಿನ ಅಕ್ಷರ: "ನನಗ ಎಲ್ಲಾ ಗೊತ್ತದ. ಮಗಳಿಗಿ ಹೇಳಬ್ಯಾಡ್ರಿ." ಬರೆದು ಅಂಗೈಯಲ್ಲಿ ಒರೆಸಿಬಿಟ್ಟರು. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಂದ ಒಬ್ಬರು ಒಂದೇ ವಿಷಯ ಬಚ್ಚಿಡುತ್ತಿದ್ದಾರೆ, ಇಬ್ಬರೂ ರಾತ್ರಿ ಬೇರೆ ಬೇರೆ ಕೋಣೆಯಲ್ಲಿ ಅಳುತ್ತಿದ್ದಾರೆ.

ಹಾಗಂತ ಹೋಗಿ, ನಿಮಗೆ ಇಷ್ಟೇ ದಿನ ಉಳಿದಿದೆ ಅಂತ ಹೇಳಿ ಅನ್ನುತ್ತಿಲ್ಲ. ಎಷ್ಟು ದಿನ ಅಂತ ಡಾಕ್ಟರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಮೊದಲು ಅವರನ್ನು ಕೇಳಿ: "ಡಾಕ್ಟರ್ ಏನಂದಾರ ಅಂತ ತಿಳಕೋಬೇಕು ಅನಿಸ್ತದೇನು?" ಕೆಲವರು ಬೇಡ ಅಂತ ಕೈ ಅಲ್ಲಾಡಿಸುತ್ತಾರೆ. ಆಯ್ತು, ಅದೂ ಅವರ ಇಷ್ಟ, ಮತ್ತೆ ಯಾವಾಗಲಾದರೂ ಕೇಳುತ್ತಾರೆ, ಬಿಡಿ. ಹೌದು ಅಂದವರಿಗೆ ಸುಳ್ಳು ಹೇಳಬೇಡಿ. ಅವರಿಗೆ ಮಾಡಿ ಮುಗಿಸುವ ಕೆಲಸ ಇರುತ್ತದೆ. ಬ್ಯಾಂಕಿನ ಖಾತೆಗೆ ನಾಮಿನಿ ಹಾಕಿಸಬೇಕು, ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ, ತಮ್ಮನ ಜೊತೆ ಬದುವಿನ ಜಗಳ ಇದೆ, ಯಾರಿಗೋ ಕೈಗಡ ಕೊಟ್ಟಿದ್ದು ಹೆಂಡತಿಗೆ ಗೊತ್ತಿಲ್ಲ. ವಾಸಿಯಾಗ್ತೀ, ವಾಸಿಯಾಗ್ತೀ ಅಂತ ಹೇಳುತ್ತಾ ಹೋದರೆ ಇದೆಲ್ಲ ಅವರ ಜೊತೆಗೇ ಹೋಗುತ್ತದೆ. ಆಮೇಲೆ ಮಕ್ಕಳು ತಹಸೀಲ್ ಕಚೇರಿಗೆ ಅಲೆಯುತ್ತಿರುತ್ತಾರೆ.

ಈಗ ನೋವಿನ ವಿಷಯ. ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ.

ನಮ್ಮ ಕಡೆ ಗಂಡಸರಿಗೆ ತಡಕೊಳ್ಳುವುದನ್ನು ಕಲಿಸಿ ಬೆಳೆಸಿರುತ್ತೇವೆ, ಹೆಂಗಸರಿಗೆ ಅದಕ್ಕಿಂತ ಜಾಸ್ತಿ. ಕ್ಯಾನ್ಸರಿನ ನೋವನ್ನು ತಡಕೊಳ್ಳುವ ಅಗತ್ಯವೇ ಇಲ್ಲ. ಮಾರ್ಫಿನ್ ಅಂತ ಗುಳಿಗೆ ಇದೆ, ದುಬಾರಿಯೂ ಅಲ್ಲ. ಅಫೀಮಿನಿಂದ ಬರುವ ಔಷಧಿ ಅಂತ ಕೇಳಿದ ಕೂಡಲೇ ಮನೆಯವರು ಹೆದರುತ್ತಾರೆ. ಚಟ ಹತ್ತುತ್ತದೆ, ಬೇಗ ಸಾಯುತ್ತಾರೆ, ಇದು ಕೊನೇ ಔಷಧಿ ಅಂತೆಲ್ಲ. ನೋವಿಗೆ ತಕ್ಕ ಹಾಗೆ ಡಾಕ್ಟರ್ ಹೇಳಿದ ಅಳತೆಯಲ್ಲಿ ಕೊಟ್ಟರೆ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ಗಂಟಲಿನವರಿಗೆ ಉಸಿರು ಸಿಗದ ಒದ್ದಾಟವೂ ಅದರಿಂದ ಕಡಿಮೆಯಾಗುತ್ತದೆ. ಮೊದಲ ಎರಡು ಮೂರು ದಿನ ತೂಕಡಿಕೆ, ವಾಕರಿಕೆ ಇರಬಹುದು, ಆಮೇಲೆ ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ, ಹಾಗಾಗಿ ಮಾರ್ಫಿನ್ ಶುರುವಾದ ದಿನವೇ ಹೊಟ್ಟೆ ಸಾಫ್ ಮಾಡುವ ಔಷಧಿಯನ್ನೂ ಕೇಳಿ ತಗೊಳ್ಳಿ. ಇದನ್ನು ಮರೆತು ನಾಲ್ಕು ದಿನ ಸಂಡಾಸ್ ಆಗದೆ ಒದ್ದಾಡಿ, ಕೊನೆಗೆ ಗುಳಿಗೆಯೇ ಬೇಡ ಅಂತ ಬಿಟ್ಟವರಿದ್ದಾರೆ.

ಸಾಮಾನ್ಯ ಮಾರ್ಫಿನ್ ಗುಳಿಗೆ ಕೆಲಸ ಮಾಡುವುದು ಸುಮಾರು 4 ಗಂಟೆ. ನೋವು ಬರಲಿ, ಆಮೇಲೆ ಕೊಡೋಣ ಅಂತ ಕಾಯಬಾರದು, ಗಡಿಯಾರ ನೋಡಿ ಕೊಡಬೇಕು. ರಾತ್ರಿ ನಡುವೆ ಎಬ್ಬಿಸುವುದು ಬೇಡ ಅಂತ ಮಲಗುವ ಹೊತ್ತಿಗೆ ಹೆಚ್ಚು ಅಳತೆ ಬರೆದುಕೊಡುತ್ತಾರೆ, ಅದನ್ನು ಡಾಕ್ಟರೇ ಹೇಳಬೇಕು, ನಾವಲ್ಲ. ಈ ಗಡಿಯಾರದ ಪದ್ಧತಿಯನ್ನು ಜಗತ್ತಿಗೆ ಹಬ್ಬಿಸಿದವರಲ್ಲಿ ದೊಡ್ಡ ಹೆಸರು ಲಂಡನ್ನಿನ ಸಿಸಿಲಿ ಸಾಂಡರ್ಸ್. 1967ರಲ್ಲಿ ಅವರು ಇಂಥ ರೋಗಿಗಳಿಗೆ ಅಂತಲೇ ಸೇಂಟ್ ಕ್ರಿಸ್ಟೋಫರ್ಸ್ ಆಸ್ಪತ್ರೆ ಶುರು ಮಾಡಿದರು. ಅವರು ಮೊದಲು ನರ್ಸ್, ಆಮೇಲೆ ಡಾಕ್ಟರ್. ನರ್ಸ್ ಅಂತ ಒತ್ತಿ ಹೇಳುತ್ತಿದ್ದೇನೆ, ನಮ್ಮವರು ಅಲ್ವಾ!

ನುಂಗಲು ಆಗದವರಿಗೆ ಸಾಮಾನ್ಯ ಮಾರ್ಫಿನ್ ಗುಳಿಗೆಯನ್ನು ಪುಡಿ ಮಾಡಿ ನೀರಲ್ಲಿ ಕದಡಿ, ಮೂಗಿನಿಂದ ಹೊಟ್ಟೆಗೆ ಹಾಕಿರುವ ಊಟದ ನಳಿಗೆಯಲ್ಲಿ ಹಾಕಬಹುದು, ಕುತ್ತಿಗೆಯ ನಳಿಗೆಯಲ್ಲಿ ಅಲ್ಲ. ಆದರೆ ನಿಧಾನವಾಗಿ ಕರಗುವ, ದಿನಕ್ಕೆ ಎರಡೇ ಸಲ ಕೊಡುವ ಮಾರ್ಫಿನ್ ಗುಳಿಗೆಯೂ ಇದೆ, ಅದನ್ನು ಎಂದೂ ಪುಡಿ ಮಾಡಬಾರದು. ಪೂರ್ತಿ ಔಷಧಿ ಒಂದೇ ಸಲ ಮೈಗೆ ಹತ್ತಿ ಅಪಾಯ ಆಗುತ್ತದೆ. ಮೈಗೆ ಅಂಟಿಸುವ ಫೆಂಟನಿಲ್ ಪಟ್ಟಿಯೂ ಸಿಗುತ್ತದೆ, ಬೆಲೆ ಜಾಸ್ತಿ. ಅದನ್ನು ಅಂಟಿಸಿದ ಜಾಗಕ್ಕೆ ಬಿಸಿನೀರಿನ ಚೀಲ ಇಡಬಾರದು, ಬಿಸಿಗೆ ಔಷಧಿ ಬೇಗ ಒಳಗೆ ಇಳಿಯುತ್ತದೆ. ಜ್ವರ ಬಂದರೂ ಹಾಗೇ, ಡಾಕ್ಟರಿಗೆ ಫೋನ್ ಮಾಡಿ.

ಇದೆಲ್ಲ ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾನೂನು ಬಂದ ಮೇಲೆ ಆಸ್ಪತ್ರೆಗಳು ನಾಲ್ಕಾರು ಲೈಸೆನ್ಸ್ ತೆಗೆಯುವ ರಗಳೆಗೆ ಹೆದರಿ ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರಲ್ಲಿ ಕಾನೂನು ತಿದ್ದಿ ಅದನ್ನು ಸರಳ ಮಾಡಿದರು, ಮಾನ್ಯತೆ ಪಡೆದ ಆಸ್ಪತ್ರೆ ಈಗ ಇಟ್ಟು ಕೊಡಬಹುದು. ನಮ್ಮ ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ಇದೆ, ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಜಿಮ್ಸ್ ಇದೆ, ಬೀದರಿನಲ್ಲಿ ಅಂಥದ್ದೇ ಬ್ರಿಮ್ಸ್ ಇದೆ. ಮೊದಲು ಅಲ್ಲಿ ಹೋಗಿ, ನೋವಿನ ಔಷಧಿ, ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್, ವಾಸಿಯಾಗದವರ ತ್ರಾಸು ಕಡಿಮೆ ಮಾಡುವ ಆರೈಕೆ) ಅಂತ ಹೆಸರು ಹೇಳಿ ಕೇಳಿ. ಇಲ್ಲ ಅಂದರೆ ಎಲ್ಲಿ ಸಿಗುತ್ತದೆ ಅಂತ ಅವರ ಹತ್ತಿರವೇ ಬರೆಸಿಕೊಳ್ಳಿ. ಹೈದರಾಬಾದಿನ ರೆಡ್ ಹಿಲ್ಸಿನಲ್ಲಿರುವ ಎಂಎನ್‌ಜೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲ ಅನ್ನುವವರಿಗೆ ಇಂಥ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯ ಇದೆ, ಅಲ್ಲಿ ದುಡ್ಡು ತಗೊಳ್ಳುವುದಿಲ್ಲ.

ಊಟದ ವಿಷಯಕ್ಕೆ ಬಂದರೆ ಹೆಂಗಸರ ಕಣ್ಣಲ್ಲಿ ನೀರು ಬರುತ್ತದೆ. ಮೂವತ್ತು ವರ್ಷ ಬಡಿದು ಹಾಕಿದ ರೊಟ್ಟಿ ಈಗ ಬೇಡ ಅಂದರೆ ಹೇಗಾಗಬೇಕು? ಮೂಗಿನ ನಳಿಗೆ ಇದ್ದರೆ ಜೋಳದ ಅಂಬಲಿ, ತೊಗರಿ ಬೇಳೆ ಕಟ್ಟು, ಹಾಲು, ಮಜ್ಜಿಗೆ ಎಲ್ಲ ಆಗುತ್ತದೆ, ಬೇರೆ ಡಬ್ಬಿ ಪುಡಿಯೇ ಬೇಕು ಅಂತೇನಿಲ್ಲ. ತೆಳ್ಳಗಿನ ಬಟ್ಟೆಯಲ್ಲಿ ಸೋಸಿ, ಖಾರ ಹಾಕದೆ, ಉಗುರು ಬೆಚ್ಚಗೆ ಇರಲಿ. ಅವರನ್ನು ಎತ್ತಿ ಕೂಡಿಸಿ, ದೊಡ್ಡ ಸಿರಿಂಜಿನಲ್ಲಿ ನಿಧಾನಕ್ಕೆ, ಒಂದು ಸಲಕ್ಕೆ 200 ಎಂಎಲ್ ಸುಮಾರು. ಹಾಕುವ ಮೊದಲು ನಳಿಗೆ ಮೇಲಿನ ಗುರುತು ಮೂಗಿನ ಹತ್ತಿರವೇ ಇದೆಯಾ ನೋಡಿ, ಜಾರಿದ್ದರೆ ಏನೂ ಹಾಕಬೇಡಿ. ಮುಗಿದ ಮೇಲೆ ಸ್ವಲ್ಪ ನೀರು ಬಿಡಿ, ಇಲ್ಲಾಂದರೆ ಬೇಳೆ ಒಳಗೇ ಗಟ್ಟಿಯಾಗುತ್ತದೆ. ಆಮೇಲೆ ಅರ್ಧ ಗಂಟೆಯಾದರೂ ಮಲಗಿಸಬೇಡಿ.

ರುಚಿ ಮಾತ್ರ ನಳಿಗೆಯಲ್ಲಿ ಸಿಗುವುದಿಲ್ಲ ನೋಡಿ. ಸೇಡಂ ಕಡೆಯ ಒಬ್ಬರು ಪುಂಡಿ ಪಲ್ಯ, ರೊಟ್ಟಿ ಬೇಕು ಅಂತ ಕೈಯಲ್ಲೇ ಬಡಿದು ತೋರಿಸಿ ಹಠ ಹಿಡಿದರು. ಬಾಯಲ್ಲಿ ಹುಣ್ಣಿರಲಿಲ್ಲ, ಅಗಿಯಲು ಆಗುತ್ತಿತ್ತು, ನುಂಗಲು ಮಾತ್ರ ಆಗುತ್ತಿರಲಿಲ್ಲ. ಡಾಕ್ಟರನ್ನು ಕೇಳಿದೆವು. ಕೂಡಿಸಿ ಕೊಡಿ, ಅಗಿದು ಉಗುಳಲಿ, ಯಾರಾದರೂ ಪಕ್ಕದಲ್ಲಿರಿ ಅಂದರು. ಹೆಂಡತಿ ಒಪ್ಪಲಿಲ್ಲ. "ಅನ್ನ ಉಗುಳ್ತಾರೇನ್ರಿ ಯಾರಾರ? ಪಾಪ ಹತ್ತತದ." ಅವರ ಮಾತೂ ಸುಳ್ಳಲ್ಲ, ನಾವೆಲ್ಲ ಹಾಗೇ ಬೆಳೆದಿದ್ದೇವೆ. ಅವರ ಅತ್ತೆ, ಎಂಬತ್ತರ ಆಯಿ, ಮೂಲೆಯಿಂದ ಎದ್ದು ಬಂದು ಒಂದು ಬಟ್ಟಲು ತಂದು ಮಗನ ಗದ್ದದ ಕೆಳಗೆ ಹಿಡಿದರು. "ಉಗುಳಪ್ಪಾ. ಸಣ್ಣಂವ ಇದ್ದಾಗ ಭೀ ಹಿಂಗೇ ಉಗುಳ್ತಿದ್ದಿ." ಆತ ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು.

ಕೊನೆಯ ವಾರಗಳಲ್ಲಿ ಹಸಿವೇ ಇರುವುದಿಲ್ಲ. ತಿನ್ನದೇ ಇರುವುದರಿಂದ ಸಾಯುತ್ತಿದ್ದಾರೆ ಅಂತ ನಮಗೆ ಅನಿಸುತ್ತದೆ. ಅದು ಹಾಗಲ್ಲ, ಮೈಯ ಕೆಲಸಗಳೇ ಒಂದೊಂದಾಗಿ ನಿಲ್ಲುತ್ತಿರುವುದರಿಂದ ಊಟ ಬೇಡವಾಗಿದೆ. ಆಗ ಬಲವಂತ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ, ವಾಂತಿಯಾಗುತ್ತದೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಿ ಒಣಗದ ಹಾಗೆ ನೋಡಿಕೊಳ್ಳಿ ಸಾಕು.

ಕುತ್ತಿಗೆಯ ನಳಿಗೆ ಬಗ್ಗೆ ಆಸ್ಪತ್ರೆಯಿಂದ ಬಿಡುವ ಮೊದಲು ನಿಮ್ಮ ಕೈಯಿಂದಲೇ ಮಾಡಿಸಿ ಕಲಿಸಲು ಹೇಳಿ. ಸುಮ್ನೆ ನೋಡಿ ಬಂದರೆ ಸಾಲದು. ಒಳಗಿನ ನಳಿಗೆ ಬಿಚ್ಚಿ, ಕುದಿಸಿ ಆರಿಸಿದ ನೀರಲ್ಲಿ ದಿನಕ್ಕೆ ಎರಡು ಮೂರು ಸಲವಾದರೂ ತೊಳೆಯಬೇಕು. ನಮ್ಮ ಮೇ ತಿಂಗಳ ಬಿಸಿಲಿಗೆ ಕಫ ಒಣಗಿ ಬಿರಡೆ ಹಾಕಿದ ಹಾಗೆ ಕಟ್ಟಿಕೊಳ್ಳುತ್ತದೆ, ತೆಳ್ಳಗಿನ ಒದ್ದೆ ಬಟ್ಟೆ ಮುಂದೆ ಇಳಿಬಿಡಿ. ಹತ್ತಿ ಬೇಡ, ಅದರ ಎಳೆ ಒಳಗೆ ಹೋಗುತ್ತದೆ. ಕಫ ಎಳೆದು ತೆಗೆಯುವ ಸಕ್ಷನ್ ಮಷೀನ್ ಬಾಡಿಗೆಗೆ ತರುವವರು ಕರೆಂಟ್ ಹೋದರೆ ಏನು ಅಂತ ಮೊದಲೇ ಯೋಚಿಸಿ. ಬ್ಯಾಟರಿಯದ್ದು ಇದೆ, ಕಾಲಲ್ಲಿ ತುಳಿಯುವುದೂ ಇದೆ. ವಾಸನೆ ಬರುತ್ತದೆ ಅಂತ ಊದಿನಕಡ್ಡಿ, ಲೋಬಾನ ಹಚ್ಚುತ್ತಾರಲ್ಲ, ಅದನ್ನು ನಿಲ್ಲಿಸಿ. ನಮ್ಮ ಉಸಿರು ಮೂಗಿನಲ್ಲಿ ಸೋಸಿ ಹೋಗುತ್ತದೆ, ಅವರದು ನೇರ ಒಳಗೆ.

ವಾಸನೆ ಬರುವುದು ಗಾಯದಿಂದ. ಕುತ್ತಿಗೆಯ ಗಡ್ಡೆ ಒಡೆದು ಗಾಯವಾದರೆ ಮನೆಯವರಿಗೂ ಹತ್ತಿರ ಹೋಗಲು ಆಗುವುದಿಲ್ಲ, ಅದು ಅವರಿಗೆ ಗೊತ್ತಾಗುತ್ತದೆ, ಮುಖ ಗೋಡೆ ಕಡೆ ತಿರುಗಿಸಿ ಮಲಗುತ್ತಾರೆ. ಇದಕ್ಕೆ ಬಹಳ ಅಗ್ಗದ ಉಪಾಯ ಇದೆ: ಮೆಟ್ರೊನಿಡಜೋಲ್ ಗುಳಿಗೆ ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸುವುದು. ಎಷ್ಟು, ಹೇಗೆ ಅಂತ ನಿಮ್ಮ ನರ್ಸನ್ನು ಕೇಳಿ. ಹಳೆಯ ಪಟ್ಟಿ ಕೀಳಬೇಡಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ, ಅದರಲ್ಲಿ ನೆನೆಸಿ ನಿಧಾನಕ್ಕೆ ತೆಗೆಯಿರಿ. ನೊಣ ಕೂರದ ಹಾಗೆ ಸೊಳ್ಳೆಪರದೆ ಕಟ್ಟಿ. ಹುಳ ಕಂಡರೆ ಸೀಮೆಎಣ್ಣೆ ಸುರಿಯಬೇಡಿ, ಫೋನ್ ಮಾಡಿ, ಅದಕ್ಕೂ ಚಿಕಿತ್ಸೆ ಇದೆ.

ಹೇಳಲು ಇಷ್ಟವಿಲ್ಲದ ಒಂದು ಮಾತನ್ನೂ ಹೇಳುತ್ತೇನೆ. ಕೆಲವರಿಗೆ, ಎಲ್ಲರಿಗೂ ಅಲ್ಲ, ಗಾಯ ದೊಡ್ಡ ರಕ್ತನಾಳಕ್ಕೆ ತಾಕಿ ಒಮ್ಮೆಲೇ ರಕ್ತ ಬರುತ್ತದೆ. ಮೊದಲು ಒಂದೆರಡು ಸಲ ಸ್ವಲ್ಪ ಸ್ವಲ್ಪ ಬಂದು ನಿಂತಿದ್ದರೆ ಅದು ಸೂಚನೆ, ಆವತ್ತೇ ಡಾಕ್ಟರಿಗೆ ಹೇಳಿ, ಹೆಚ್ಚು ಬಂದರೆ ಏನು ಮಾಡಬೇಕು, ಯಾವ ಔಷಧಿ ಇಟ್ಟುಕೊಳ್ಳಬೇಕು ಅಂತ ಬರೆಸಿಕೊಳ್ಳಿ. ಮಂಚದ ಕೆಳಗೆ ಗಾಢ ಬಣ್ಣದ ಬಟ್ಟೆ ಇಟ್ಟಿರಿ, ಕಪ್ಪು, ಕಡು ಕೆಂಪು, ಹಳೆಯ ಕೌದಿ ಆದರೂ ಆಯ್ತು. ಬಿಳಿ ಟವೆಲ್ ಮೇಲೆ ಒಂದು ಲೋಟ ರಕ್ತ ಒಂದು ಕೊಡದಷ್ಟು ಕಾಣುತ್ತದೆ, ರೋಗಿಯೂ ಹೆದರುತ್ತಾರೆ, ನೀವೂ ಹೆದರುತ್ತೀರಿ. ಪಕ್ಕಕ್ಕೆ ಮಲಗಿಸಿ, ಬಟ್ಟೆ ಒತ್ತಿ ಹಿಡಿಯಿರಿ, ಒಬ್ಬರು ಅವರ ಕೈ ಬಿಡಬೇಡಿ. ಎಲ್ಲರೂ ಗಾಡಿ ತರಲು ಓಡಿಹೋಗಿ ಅವರೊಬ್ಬರೇ ಉಳಿಯುವುದು ಬೇಡ.

ತಟ್ಟೆ ಲೋಟ ಬೇರೆ ಇಡುವ ಮನೆಗಳು ಇವತ್ತಿಗೂ ಇವೆ. ಕ್ಯಾನ್ಸರ್ ಅಂಟುವುದಿಲ್ಲ. ಮುಟ್ಟಿದರೆ, ಎಂಜಲಿನಿಂದ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಯಾವುದರಿಂದಲೂ ಬರುವುದಿಲ್ಲ. ರಾಮಕೃಷ್ಣ ಪರಮಹಂಸರು ಹೋಗಿದ್ದು ಗಂಟಲು ಕ್ಯಾನ್ಸರಿನಿಂದಲೇ, ಗೊತ್ತಾ? 1885ರಲ್ಲಿ ಶುರುವಾಯಿತು, ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ನೋಡುತ್ತಿದ್ದರು, 1886ರ ಆಗಸ್ಟ್ 16ರಂದು ಕಾಶೀಪುರದ ತೋಟದ ಮನೆಯಲ್ಲಿ ತೀರಿಕೊಂಡರು. ಶಾರದಾದೇವಿಯವರು ಅವರಿಗೆ ಅಂತ ಬೇರೆ ಪಥ್ಯದ ಅಡುಗೆ ಮಾಡುತ್ತಿದ್ದರು, ಶಿಷ್ಯರಾಗಿದ್ದ ಹುಡುಗರು ಪಾಳಿ ಮೇಲೆ ಸೇವೆಗೆ ನಿಲ್ಲುತ್ತಿದ್ದರು. ಆ ಹುಡುಗರಿಗೂ ರೋಗ ಅಂಟೀತು ಅನ್ನುವ ಭಯ ಬಂದಿತ್ತಂತೆ. ಆಗ ನರೇಂದ್ರ, ಆಮೇಲೆ ವಿವೇಕಾನಂದ ಆದವರು, ಗುರುಗಳು ಕುಡಿದು ಬಿಟ್ಟ ಗಂಜಿಯನ್ನು ಎಲ್ಲರ ಮುಂದೆ ಕುಡಿದುಬಿಟ್ಟರು ಅಂತ ಅವರ ಜೀವನ ಚರಿತ್ರೆಗಳಲ್ಲಿ ಬರುತ್ತದೆ. ದನಿ ಬಹಳ ಕುಗ್ಗಿದ ಮೇಲೂ ಗುರುಗಳು ಸನ್ನೆಯಲ್ಲಿ, ಚೀಟಿಯಲ್ಲಿ ಬರೆದು ಹೇಳುತ್ತಲೇ ಇದ್ದರು, ಸುತ್ತಲಿನವರು ಕೇಳುತ್ತಲೇ ಇದ್ದರು. ನೀವು ಎಂಜಲು ಗಂಜಿ ಕುಡಿಯುವುದೇನೂ ಬೇಡ, ಪಕ್ಕದಲ್ಲಿ ಕೂತು ಕೈ ಹಿಡಿದರೆ ಸಾಕು.

"ತಿಂದಿದ್ದು ಅನುಭವಿಸ್ತಾನ" ಅನ್ನುವ ಬೀಗರನ್ನು ಮಾತ್ರ ಹೊರಗೆ ಕೂಡಿಸಿ ಚಹಾ ಕೊಟ್ಟು ಕಳಿಸಿ. ಆ ಮನುಷ್ಯನಿಗೆ ತನ್ನ ಜರ್ದಾ ಲೆಕ್ಕ ನಿಮಗಿಂತ ಚೆನ್ನಾಗಿ ಗೊತ್ತು. ನಮ್ಮ ರೋಗಿ ಈಗಲೂ ಬೀಡಿ ಕೇಳುತ್ತಾರೆ, ಕೊಡಬೇಕಾ ಅಂತ ನಿಮ್ಮಲ್ಲಿ ಒಬ್ಬರು ಚೀಟಿ ಬರೆದಿದ್ದಾರೆ. ಕುತ್ತಿಗೆಯಲ್ಲಿ ನಳಿಗೆ ಇದ್ದರೆ, ಕೋಣೆಯಲ್ಲಿ ಆಕ್ಸಿಜನ್ ಇದ್ದರೆ ಖಂಡಿತ ಬೇಡ. ಎರಡೂ ಇಲ್ಲದಿದ್ದರೆ, ವಾಸಿಯಾಗದ ಕಾಯಿಲೆಯವರ ಜೊತೆ ಬೀಡಿಗಾಗಿ ದಿನಾ ಜಗಳ ಮಾಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಇದು ನನ್ನ ಅಭಿಪ್ರಾಯ, ಡಾಕ್ಟರು ಬೇರೆ ಹೇಳಿದರೆ ಅವರ ಮಾತು ಕೇಳಿ.

ಹೊಲದ ಮನೆಗಳಲ್ಲಿ ಇನ್ನೊಂದು ಗಮನ ಇರಲಿ. ಬೆಳೆಗೆ ಹೊಡೆಯುವ ಎಣ್ಣೆ ಡಬ್ಬಿ ಮನೆಯಲ್ಲಿದ್ದರೆ ಬೇರೆ ಕಡೆ ಇಟ್ಟುಬಿಡಿ. ತಲೆ ಕುತ್ತಿಗೆ ಕ್ಯಾನ್ಸರಿನವರು ಮನಸ್ಸಿನಲ್ಲಿ ಬಹಳ ಕುಸಿಯುತ್ತಾರೆ, ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತದೆ. ಹಾಗೇನಾದರೂ ಅನಿಸುತ್ತಾ ಅಂತ ನೇರವಾಗಿ ಕೇಳಿ, ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ, ನೋಡಿಕೊಳ್ಳುವವರೂ ಫೋನ್ ಮಾಡಬಹುದು.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಮನೆಯ ಖರ್ಚಿಗೆ, ಗಾಡಿ ಬಾಡಿಗೆಗೆ ಅದು ಬರುವುದಿಲ್ಲ. ಸೊಲ್ಲಾಪುರ ಆಯ್ತು, ಹೈದರಾಬಾದ್ ಆಯ್ತು, ಈಗ ಮುಂಬೈಗೆ ಹೋಗೋಣ ಅಂತ ಎರಡು ಎಕರೆ ಮಾರಲು ಹೊರಡುವ ಮೊದಲು ಡಾಕ್ಟರನ್ನು ಬಿಡಿಸಿ ಕೇಳಿ: ಇದರಿಂದ ವಾಸಿಯಾಗುತ್ತಾ, ಸ್ವಲ್ಪ ದಿನ ಹೆಚ್ಚಾಗುತ್ತಾ, ತ್ರಾಸು ಕಡಿಮೆಯಾಗುತ್ತಾ? ಮೂರೂ ಬೇರೆ ಬೇರೆ. ಕೆಲವೇ ದಿನದ ರೇಡಿಯೇಷನ್ ಕೊಟ್ಟು ನೋವು, ರಕ್ತ ಕಡಿಮೆ ಮಾಡುವುದಿದೆ, ಅಂಥದ್ದಕ್ಕೆ ಹೋಗಬೇಕು. ಉತ್ತರ ತಗೊಂಡು ಬಂದು ಮನೆಯಲ್ಲಿ ಯಾರನ್ನು ಕೇಳಬೇಕು? ಅಣ್ಣ ತಮ್ಮಂದಿರನ್ನು ಆಮೇಲೆ ಕೇಳಿ. ಮೊದಲು ಮಂಚದ ಮೇಲಿರುವವರನ್ನು ಕೇಳಿ, ಹೊಲ ಅವರದೇ ಅಲ್ವಾ.

ಐಸಿಯು, ವೆಂಟಿಲೇಟರ್ ಬೇಕೋ ಬೇಡವೋ ಅನ್ನುವುದೂ ಹಾಗೇ. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಮೊದಲೇ ಬರೆದಿಡುವ ಹಕ್ಕು ಒಪ್ಪಿತು, 2023ರಲ್ಲಿ ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರಲು ಆದೇಶ ಮಾಡಿದೆ. ಕೈ ಆಡುವಾಗಲೇ ಬರೆಸಿ.

ನೋಡಲು ಬರುವವರಿಗೆ ಒಂದು ಮಾತು. ಸೇಬು, ಬಿಸ್ಕೀಟು ತರಬೇಡಿ, ನುಂಗಲು ಆಗದವರ ತಲೆಹತ್ತಿರ ಅದು ಸಾಲಾಗಿ ಕೂತಿರುತ್ತದೆ. ಬಂದವರು ಎರಡು ತಾಸು ಕೂತು ಹೆಂಡತಿಯನ್ನು ಮಲಗಲು ಕಳಿಸಿ. ಔಷಧಿ ತಂದುಕೊಡಿ. ಹಾಸಿಗೆ ಬಟ್ಟೆ ಒಯ್ದು ಒಗೆದು ತಂದುಕೊಡಿ. ಸೊಸೆ, ಮಗಳು ಅಂತ ಹೆಂಗಸರ ಮೇಲೇ ಎಲ್ಲ ಬೀಳುತ್ತದೆ. ಗಂಡುಮಕ್ಕಳೂ ನಳಿಗೆ ತೊಳೆಯಲು ಕಲಿಯಬಹುದು, ನಾನು ಎಷ್ಟೋ ಹುಡುಗರಿಗೆ ಕಲಿಸಿದ್ದೇನೆ, ಚೆನ್ನಾಗಿ ಮಾಡುತ್ತಾರೆ.

ಕೊನೆಯ ದಿನಗಳಲ್ಲಿ ಗಂಟಲಲ್ಲಿ ಗರಗರ ಸದ್ದು ಬರುತ್ತದೆ. ನಮಗೆ ಕೇಳಲು ಭಯ, ಅವರಿಗೆ ಆಗ ಅಷ್ಟು ಅರಿವು ಇರುವುದಿಲ್ಲ. ಪಕ್ಕಕ್ಕೆ ತಿರುಗಿಸಿ ಮಲಗಿಸಿದರೆ ಕಡಿಮೆಯಾಗುತ್ತದೆ, ಔಷಧಿಯೂ ಇದೆ. ಆ ಹೊತ್ತಿಗೆ ಒಬ್ಬೊಬ್ಬರೂ ಬಂದು ಬಾಯಿಗೆ ಚಮಚದಲ್ಲಿ ನೀರು ಬಿಡುತ್ತಾರೆ. ಗಂಗಾಜಲ, ಪಾದೋದಕ, ಝಮ್‌ಝಮ್, ಎಲ್ಲ ಮನೆಯಲ್ಲೂ ಒಂದಿರುತ್ತದೆ. ಬೇಡ ಅನ್ನುವುದಿಲ್ಲ. ಆದರೆ ನುಂಗಲಾಗದ ಗಂಟಲಿಗೆ ಒಂದು ಚಮಚವೂ ಉಸಿರು ಕಟ್ಟಿಸುತ್ತದೆ. ಹತ್ತಿ ಅದ್ದಿ ಹಿಂಡಿ ತುಟಿಗೆ, ನಾಲಿಗೆಗೆ ಸವರಿ. ಹಿರಿಯರು ಒಪ್ಪುತ್ತಾರಾ ಅಂತ ಒಬ್ಬ ಅಕ್ಕ ಕೇಳುತ್ತಿದ್ದಾರೆ. ನಾನು ಸ್ವಾಮಿಗಳ ಹತ್ತಿರವೂ ಕೇಳಿದ್ದೇನೆ, ಮೌಲ್ವಿಗಳ ಹತ್ತಿರವೂ ಕೇಳಿದ್ದೇನೆ. ತುಟಿಗೆ ಮುಟ್ಟಿದರೆ ಸಾಕು ಅಂದಿದ್ದಾರೆ ಇಬ್ಬರೂ.

ಮಕ್ಕಳನ್ನು ಹತ್ತಿರ ಬಿಡಬೇಕಾ ಅಂತ ಇನ್ನೊಬ್ಬರು. ಬರುತ್ತೇನೆ ಅಂದರೆ ಬಿಡಿ, ಬರಲ್ಲ ಅಂದರೆ ಎಳೆಯಬೇಡಿ.

ಮತ್ತೆ ಒಂದು ಕೆಲಸ, ಅವರು ತೀರಿಕೊಂಡ ಮೇಲಿನ ಗದ್ದಲದಲ್ಲಿ ಎಲ್ಲರೂ ಮರೆಯುವುದು. ಉಳಿದ ಮಾರ್ಫಿನ್ ಗುಳಿಗೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಪಕ್ಕದ ಮನೆಯವರ ಸೊಂಟ ನೋವಿಗೂ ಕೊಡಬೇಡಿ. ಎಲ್ಲಿಂದ ತಂದಿರೋ ಅಲ್ಲಿಗೆ ಎಣಿಸಿ ವಾಪಸ್ ಕೊಟ್ಟು ಬರೆಸಿಕೊಂಡು ಬನ್ನಿ. ಸಕ್ಷನ್ ಮಷೀನ್ ಸ್ವಂತದ್ದಾದರೆ ತೊಳೆದು, ನನಗೋ ನಿಮ್ಮ ಆಶಾ ಕಾರ್ಯಕರ್ತೆಗೋ ಫೋನ್ ಮಾಡಿ. ಅದು ಬೇಕಾದ ಮನೆ ಯಾವುದು ಅಂತ ನಮಗೆ ಗೊತ್ತಿರುತ್ತದೆ.